ನಾಳದೊಳಗಿನ ಗಾಳಿ

ಸಾಧನವು ಶುದ್ಧವಾಗಿದ್ದು, ಪ್ರಯತ್ನದಲ್ಲಿ ಲೋಪವಿಲ್ಲದೆ, ಬಲ್ಲವರು ಹೇಳಿದ ಕ್ರಮವನ್ನು ಬಹುಕಾಲ ಬಿಡದೆ ಅನುಸರಿಸಿದ್ದರೂ ಫಲವು ಮಾತ್ರ ಏಕೆ ಕೈಗೂಡುವುದಿಲ್ಲವೆಂಬ ಪ್ರಶ್ನೆಯು, ಧರ್ಮಮಾರ್ಗದಲ್ಲಿ ನಾಲ್ಕು ಹೆಜ್ಜೆ ನಡೆದ ಯಾವ ಮನುಷ್ಯನನ್ನೂ ಕಾಡದೆ ಬಿಟ್ಟಿಲ್ಲ. ನಲವತ್ತು ವರ್ಷ ತಪ್ಪದೆ ಸಂಧ್ಯಾವಂದನೆ ಮಾಡಿದವನು ಸಾರಿಗೆ ಉಪ್ಪು ಹೆಚ್ಚಾಯಿತೆಂದು ಇಂದಿಗೂ ಹೆಂಡತಿಯ ಮೇಲೆ ಕೆರಳುತ್ತಾನೆ. ಕಾಶಿ ರಾಮೇಶ್ವರಗಳನ್ನು ಕಂಡುಬಂದವಳು ಓರಗಿತ್ತಿಯ ಮೇಲಣ ಹಳೆಯ ಹಗೆಯನ್ನು ಗಂಗೆಯಲ್ಲಿ ಬಿಡಲಾರದೆ ಮರಳಿ ಮನೆಗೆ ತರುತ್ತಾಳೆ. ದಿನಕ್ಕೊಂದು ಅಧ್ಯಾಯದಂತೆ ಗೀತೆಯನ್ನು ಪಾರಾಯಣ ಮಾಡುವವನು ತನ್ನ ಸಾವಿನ ಮಾತು ಬಂದೊಡನೆ ಎಳೆಯ ಮಗುವಿನಂತೆ ನಡುಗುತ್ತಾನೆ. ಇದನ್ನು ಕಂಡವರು ಸಾಮಾನ್ಯವಾಗಿ ಎರಡು ತೀರ್ಪುಗಳಲ್ಲೊಂದನ್ನು ಕೊಡುವುದುಂಟು. ಸಾಧನವೇ ಸುಳ್ಳು, ಅದನ್ನು ಬಿಟ್ಟುಬಿಡತಕ್ಕದ್ದೆಂಬುದು ಒಂದು. ಸಾಧನೆ ಸಾಲದು, ಇನ್ನೂ ಹೆಚ್ಚು ಜಪ, ಇನ್ನೂ ಕಠಿನವಾದ ವ್ರತ ಬೇಕೆಂಬುದು ಇನ್ನೊಂದು. ಮೂರನೆಯ ಉತ್ತರವೊಂದುಂಟೆಂಬುದನ್ನು ನಾನು ಗ್ರಂಥಗಳಲ್ಲಿ ಓದಿದ್ದೆನಾದರೂ, ಅದು ನನಗೆ ಮನದಟ್ಟಾದದ್ದು ಹಳೆಯ ಕಾರೊಂದರ ಬ್ರೇಕಿನ ಮುಂದೆ ಮೂರು ದಿನ ಕುಳಿತ ಮೇಲೆ.

ಆಗುಂಬೆಯ ಘಾಟಿಯನ್ನು ಇಳಿದು ಕರಾವಳಿಗೂ, ಏರಿ ಮರಳಿ ಊರಿಗೂ ನಮ್ಮ ಸಂಸಾರವನ್ನು ಅನೇಕ ವರ್ಷ ಹೊತ್ತು ತಿರುಗಿದ ಸಣ್ಣ ಕಾರು ಅದು. ಬ್ರೇಕಿನ ಪೆಡಲನ್ನು ತುಳಿದು ಹಿಡಿದರೆ ಅದು ಕಾಲಿನ ಕೆಳಗೆ ಮೆಲ್ಲಮೆಲ್ಲನೆ ತಳಕ್ಕೆ ಇಳಿಯತೊಡಗಿದಾಗ, ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರಿನ ಕಪ್ಪುಗಳು ಸವೆದಿವೆಯೆಂದು ಹೇಳಿ, ಪೇಟೆಯ ಒಂದು ವರ್ಕ್‌ಶಾಪಿನವರು ಹಳೆಯ ಸಿಲಿಂಡರನ್ನು ಕಳಚಿ ಹೊಸದನ್ನು ಕೂರಿಸಿದರು. ಅವರ ರೋಗನಿರ್ಣಯ ಸರಿಯಾಗಿತ್ತು. ತಂದ ಸಾಮಾನೂ ಸರಿಯಾದುದೇ. ಆದರೆ ಹೊಸ ಸಿಲಿಂಡರು ಬಂದ ಮೇಲೆ, ಮೊದಲು ಮೆಲ್ಲನೆ ಇಳಿಯುತ್ತಿದ್ದ ಪೆಡಲು ಈಗ ಯಾವ ಎದುರೊತ್ತೂ ಇಲ್ಲದೆ ಒಂದೇ ಸಲಕ್ಕೆ ತಳ ಮುಟ್ಟಿತು. ನಾಲ್ಕು ಚಕ್ರಗಳಲ್ಲಿಯೂ ಎರಡೆರಡು ಬಾರಿ ಏರ್ ತೆಗೆದರು. ಬ್ರೇಕ್ ಆಯಿಲು ಡಬ್ಬಿಗಟ್ಟಲೆ ಖರ್ಚಾಯಿತು. ಕಡೆಗೆ ಹೊಸ ಸಿಲಿಂಡರೇ ಕೆಟ್ಟದ್ದೆಂದು ನಿಶ್ಚಯಿಸಿ ಮತ್ತೊಂದನ್ನು ತರಿಸಿ ಹಾಕಿದರು. ಅದರದೂ ಅದೇ ಗತಿಯಾಯಿತು. ಅನಂತರ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು, ನಮ್ಮ ಬೀದಿಯ ಕೊನೆಯಲ್ಲಿ ತಗಡಿನ ಮಾಡಿನ ಕೆಳಗೆ ಕೆಲಸ ಮಾಡುವ ವೃದ್ಧ ಮೇಸ್ತ್ರಿಗಳ ಬಳಿಗೆ ಹೋದೆ.

ಅವರು ಸೀಟಿನಲ್ಲಿ ಕುಳಿತುಕೊಳ್ಳಲಿಲ್ಲ. ಬಾಗಿಲು ತೆರೆದು, ಬಗ್ಗಿ, ಅಂಗೈಯಿಂದ ಪೆಡಲನ್ನು ಒತ್ತಿದರು. ಮೂರು ನಾಲ್ಕು ಬಾರಿ ಬೇಗಬೇಗನೆ ಒತ್ತಿದಾಗ ಅದು ತುಸು ಮೇಲಕ್ಕೆ ಬಂದು ಬಿಗಿಯಾಯಿತು. ಒಂದು ನಿಮಿಷ ಬಿಟ್ಟು ಮತ್ತೆ ಒತ್ತಿದಾಗ ಮೊದಲಿನಂತೆಯೇ ಕುಸಿಯಿತು. ಆಮೇಲೆ ಅವರು ಕೇಳಿದ್ದು ಒಂದೇ ಮಾತು: “ಕೂರ್ಸೋ ಮುಂಚೆ ಇದಕ್ಕೆ ಎಣ್ಣೆ ಕುಡ್ಸಿದ್ರಾ ಮೇಷ್ಟ್ರೇ?” ನನಗೆ ತಿಳಿಯದೆಂದೆ. “ಕುಡ್ಸಿಲ್ಲ. ಸಿಲಿಂಡರಿಗೇನೂ ಆಗಿಲ್ಲ. ಅದರ ಹೊಟ್ಟೇಲಿ ಗಾಳಿ ಕೂತಿದೆ” ಎಂದರು.

ಈ ಮಾತಿನ ಅರ್ಥವನ್ನು ತಿಳಿಯಬೇಕಾದರೆ ಬ್ರೇಕು ಯಾವ ಧರ್ಮವನ್ನು ನಂಬಿ ನಿಂತಿದೆಯೆಂಬುದನ್ನು ನೋಡಬೇಕು. ಕಾಲು ಒತ್ತುವುದು ಪೆಡಲನ್ನು. ಪೆಡಲು ತಳ್ಳುವುದು ಸಿಲಿಂಡರಿನೊಳಗಿನ ಪಿಸ್ಟನ್ನನ್ನು. ಪಿಸ್ಟನ್ನು ಒತ್ತುವುದು ದ್ರವವನ್ನು. ಆ ದ್ರವವೇ ಸಪುರವಾದ ನಾಳಗಳ ಮೂಲಕ ನಾಲ್ಕು ಚಕ್ರಗಳಿಗೂ ಹೋಗಿ ಮುಂದಿನ ಡಿಸ್ಕುಗಳನ್ನೂ ಹಿಂದಿನ ಡ್ರಮ್ಮುಗಳನ್ನೂ ಹಿಡಿಸುತ್ತದೆ. ಕಾಲಿಗೂ ಚಕ್ರಕ್ಕೂ ನಡುವೆ ಸರಪಳಿಯಿಲ್ಲ, ಹಗ್ಗವಿಲ್ಲ. ಇರುವುದು ಅಂಗೈಯಲ್ಲಿ ಹಿಡಿದರೆ ಬೆರಳ ಸಂದಿನಿಂದ ಸೋರಿಹೋಗುವ ಒಂದಷ್ಟು ದ್ರವ. ಅಷ್ಟು ಮೃದುವಾದ ವಸ್ತುವು ಅಷ್ಟು ಭಾರವಾದ ಬಂಡಿಯನ್ನು ನಿಲ್ಲಿಸಬಲ್ಲುದಕ್ಕೆ ಕಾರಣವೇನೆಂದರೆ, ಸುತ್ತಲೂ ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಬಿದ್ದ ಒತ್ತಡವು ಕುಂದದೆ ಎಲ್ಲೆಡೆಗೂ ಸಮನಾಗಿ ಹರಡುತ್ತದೆಂಬ ನಿಯಮ. ಆ ನಿಯಮಕ್ಕೆ ಬ್ಲೇಸ್ ಪ್ಯಾಸ್ಕಲನ ಹೆಸರಿದೆ. 1623ರಲ್ಲಿ ಫ್ರಾನ್ಸಿನ ಕ್ಲೆರ್ಮಾಂಟಿನಲ್ಲಿ ಹುಟ್ಟಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿಯೇ ತೀರಿಕೊಂಡ ಆ ಮಹಾಶಯನು ದ್ರವಗಳ ಸಮತೋಲವನ್ನು ಕುರಿತು ಬರೆದ ಗ್ರಂಥವು ಅವನ ಮರಣದ ಮರುವರ್ಷ, 1663ರಲ್ಲಿ ಅಚ್ಚಾಯಿತು. ಮುನ್ನೂರು ವರ್ಷಗಳಿಗೂ ಹಿಂದಿನ ಆ ವಿಚಾರವು 1920ರ ದಶಕದಲ್ಲಿ ಮೋಟಾರುಗಳ ಬ್ರೇಕನ್ನು ಸೇರಿ, ಇಂದು ಬೀದಿಯಲ್ಲಿ ಹೋಗುವ ಪ್ರತಿಯೊಂದು ಕಾರಿನಲ್ಲಿಯೂ ನಮ್ಮ ಪ್ರಾಣಗಳನ್ನು ಕಾಯುತ್ತಿದೆ.

ಪ್ಯಾಸ್ಕಲನನ್ನು ಇಲ್ಲಿ ನೆನೆಯುವುದಕ್ಕೆ ಮತ್ತೊಂದು ಕಾರಣವುಂಟು. ಬರಿದು ಎಂಬುದನ್ನು ಅವನಷ್ಟು ಆಸ್ಥೆಯಿಂದ ವಿಚಾರಿಸಿದವರು ವಿರಳ. ಪಾದರಸದ ಕೊಳವೆಯ ಮೇಲ್ತುದಿಯಲ್ಲಿ ಕಾಣುವ ಬರಿದು ನಿಜವಾದುದೆಂದೂ, ಪಾದರಸವನ್ನು ಎತ್ತಿ ಹಿಡಿದಿರುವುದು ನಮ್ಮ ಸುತ್ತಲಿನ ಗಾಳಿಯ ಭಾರವೆಂದೂ ತೋರಿಸುವುದಕ್ಕಾಗಿ ಅವನು 1648ರಲ್ಲಿ ತನ್ನ ಭಾವನಿಂದ ಪ್ಯುಯ್ ದ ಡೋಮ್ ಎಂಬ ಬೆಟ್ಟದ ಮೇಲೆ ಪ್ರಯೋಗ ನಡೆಸಿದನು. ಆರು ವರ್ಷಗಳ ಅನಂತರ, 1654ರ ನವೆಂಬರ್ 23ರ ರಾತ್ರಿ, ಅವನಿಗೊಂದು ದಿವ್ಯಾನುಭವವಾಯಿತು. ಅದನ್ನು ಬರೆದಿಟ್ಟುಕೊಂಡ ಹಾಳೆಯನ್ನು ಅವನು ಅಂಗಿಯ ಒಳಪದರದಲ್ಲಿ ಹೊಲಿಸಿಕೊಂಡಿದ್ದನೆಂಬುದು ಅವನು ತೀರಿಕೊಂಡ ಮೇಲಷ್ಟೆ ಹೊರಬಿತ್ತು. ಕೊಳವೆಯೊಳಗಿನ ಬರಿದನ್ನು ಅಳೆದ ಕೈಯೇ ಮುಂದೆ ಮನುಷ್ಯನ ಎದೆಯೊಳಗಿನ ಬರಿದನ್ನು ಕುರಿತು ಬರೆಯಿತು. ಪರಿಮಿತವಾದ ಯಾವ ವಸ್ತುವಿನಿಂದಲೂ ಆ ಬರಿದು ತುಂಬದೆಂಬುದು ಅವನ ನಿಶ್ಚಯ. ಒತ್ತಡದ ವಿಚಾರವೂ ಭಕ್ತಿಯ ವಿಚಾರವೂ ಒಂದೇ ಮನಸ್ಸಿನಲ್ಲಿ ನೆರೆಮನೆಯವರಂತೆ ಬಾಳಿದುದನ್ನು ಕಂಡ ಮೇಲೆ, ಬ್ರೇಕಿನ ಮುಂದೆ ಕುಳಿತು ಧರ್ಮವನ್ನು ಕುರಿತು ಯೋಚಿಸುವುದು ಅಸಂಗತವೆಂದು ನನಗೆ ತೋರಲಿಲ್ಲ.

ಈಗ ಗಾಳಿಯ ಮಾತು. ಹತ್ತು ವಾಯುಭಾರದ ಒತ್ತಡಕ್ಕೆ ಸಿಕ್ಕಿದ ಗಾಳಿಯು ತನ್ನ ಗಾತ್ರದ ಹತ್ತನೆಯ ಒಂದು ಪಾಲಿಗೆ ಕುಗ್ಗಿಬಿಡುತ್ತದೆ. ಅದೇ ಒತ್ತಡದಲ್ಲಿ ನೀರಾದರೋ ಎರಡು ಸಾವಿರದಲ್ಲಿ ಒಂದು ಪಾಲಿನಷ್ಟೂ ಕುಗ್ಗದು. ಬ್ರೇಕಿನ ದ್ರವವೂ ಅದೇ ಜಾತಿಯದು. ಇಪ್ಪತ್ತು ಮಿಲಿಮೀಟರು ವ್ಯಾಸದ ಸಿಲಿಂಡರಿನಲ್ಲಿ ಪಿಸ್ಟನ್ನು ಮೂವತ್ತು ಮಿಲಿಮೀಟರು ಸರಿದರೆ ಹೊರಡತಕ್ಕ ದ್ರವವು ಒಂಬತ್ತು ಘನ ಸೆಂಟಿಮೀಟರಿಗಿಂತ ತುಸು ಹೆಚ್ಚು, ಎಂದರೆ ಎರಡು ಸಣ್ಣ ಚಮಚದಷ್ಟು. ಇಷ್ಟು ಅಲ್ಪವಾದ ಚಲನೆಯಿಂದಲೇ ನಾಲ್ಕು ಚಕ್ರಗಳೂ ನಿಲ್ಲಬೇಕಾಗಿರುವಲ್ಲಿ, ಅರ್ಧ ಚಮಚದಷ್ಟು ಗಾಳಿ ನಡುವೆ ಸೇರಿಕೊಂಡರೆ ಕಾಲಿನ ತುಳಿತದ ಒಂದು ದೊಡ್ಡ ಪಾಲನ್ನು ಅದು ತಾನೇ ಉಂಡುಬಿಡುತ್ತದೆ. ಪಿಸ್ಟನ್ನು ಸರಿಯುತ್ತದೆ, ಗಾಳಿ ಕುಗ್ಗುತ್ತದೆ, ಚಕ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಕಾಲನ್ನು ತೆಗೆದೊಡನೆ ಗಾಳಿಯು ಹಿಗ್ಗಿ ಮೊದಲಿನ ಗಾತ್ರಕ್ಕೆ ಬರುತ್ತದೆ. ಹೀಗೆ ನೂರು ಬಾರಿ ತುಳಿದರೂ ಆ ಗಾಳಿಯು ಸಿಲಿಂಡರಿನೊಳಗೆ ಕುಗ್ಗುತ್ತ ಹಿಗ್ಗುತ್ತ ಇದ್ದಲ್ಲಿಯೇ ಇರುವುದಲ್ಲದೆ ಚಕ್ರದ ತುದಿಯ ನಿಪ್ಪಲಿನವರೆಗೆ ನಡೆದು ಹೊರಬೀಳುವುದಿಲ್ಲ. ವರ್ಕ್‌ಶಾಪಿನವರ ಶ್ರಮವು ವ್ಯರ್ಥವಾದದ್ದು ಇದರಿಂದಲೇ. ಅವರು ಚಕ್ರಗಳಲ್ಲಿ ಹುಡುಕುತ್ತಿದ್ದುದು ಮೂಲದಲ್ಲಿಯೇ ಕುಳಿತಿತ್ತು.

ಇಲ್ಲಿ ನನಗೆ ನಮ್ಮ ದಾರ್ಶನಿಕರ ಒಂದು ಹಳೆಯ ವಿವಾದ ನೆನಪಾಯಿತು. ಬೆಂಕಿಯು ಹುಲ್ಲನ್ನು ಸುಡುತ್ತದೆ. ಒಂದು ಜಾತಿಯ ಮಣಿಯನ್ನು ಹತ್ತಿರವಿಟ್ಟರೆ ಅದೇ ಬೆಂಕಿ ಅದೇ ಹುಲ್ಲನ್ನು ಸುಡುವುದಿಲ್ಲವೆಂದೂ, ಮಣಿಯನ್ನು ತೆಗೆದೊಡನೆ ಮತ್ತೆ ಸುಡುತ್ತದೆಂದೂ ಅವರು ದೃಷ್ಟಾಂತವನ್ನು ಕಲ್ಪಿಸಿಕೊಂಡರು. ಬೆಂಕಿಯ ಬಣ್ಣ, ಬಿಸುಪು, ಆಕಾರ ಯಾವುದೂ ಬದಲಾಗಿಲ್ಲವಾದ್ದರಿಂದ, ಬೆಂಕಿಯಲ್ಲಿ ಕಣ್ಣಿಗೆ ಕಾಣದ ಶಕ್ತಿಯೆಂಬ ಬೇರೊಂದು ಪದಾರ್ಥವಿದ್ದು ಮಣಿಯು ಅದನ್ನು ಕೆಡಿಸುತ್ತದೆಂದು ಮೀಮಾಂಸಕರು ಹೇಳಿದರು. ನೈಯಾಯಿಕರು ಒಪ್ಪಲಿಲ್ಲ. ಬೆಂಕಿ ಕೆಟ್ಟಿಲ್ಲ, ಅದರ ಯಾವ ಗುಣವೂ ಹೋಗಿಲ್ಲ. ಸುಡುವುದಕ್ಕೆ ಬೇಕಾದ ಕಾರಣಗಳಲ್ಲಿ ಪ್ರತಿಬಂಧಕದ ಅಭಾವವೂ ಒಂದಾಗಿದ್ದು, ಮಣಿಯಿರುವಾಗ ಆ ಒಂದು ಕಾರಣ ಕೊರೆಯಾಗಿರುತ್ತದೆ, ಅಷ್ಟೆ ಎಂಬುದು ಅವರ ಸಮಾಧಾನ. ಇಲ್ಲದಿರುವುದೊಂದು ಕಾರಣವಾಗುವುದೆಂತು ಎಂದು ಕೇಳಿದವರಿಗೆ, ಭಾವದಂತೆಯೇ ಅಭಾವವೂ ಕಾರಣಗಳ ಪಂಕ್ತಿಯಲ್ಲಿ ಕುಳಿತುಕೊಳ್ಳಬಲ್ಲುದೆಂದು ನೈಯಾಯಿಕರಲ್ಲೊಬ್ಬನಾದ ಉದಯನಾಚಾರ್ಯನು ವಾದಿಸಿದನು. ಅದೂ ಈಶ್ವರನ ಅಸ್ತಿತ್ವವನ್ನು ಸಾಧಿಸುವುದಕ್ಕೆಂದೇ ಬರೆದ ನ್ಯಾಯಕುಸುಮಾಂಜಲಿಯಲ್ಲಿ. ವಿದ್ಯಾರ್ಥಿಯಾಗಿದ್ದಾಗ ಇದು ನನಗೆ ಬರಿಯ ತರ್ಕದ ಕಸರತ್ತೆಂದು ತೋರಿತ್ತು. ಹೊಸ ಸಿಲಿಂಡರು, ಗಟ್ಟಿಮುಟ್ಟಾದ ನಾಳ, ಒಳ್ಳೆಯ ಆಯಿಲು, ಬಲವಾದ ಕಾಲು ಎಲ್ಲವೂ ಇದ್ದೂ ಬ್ರೇಕು ಹಿಡಿಯದೆ ಇದ್ದುದನ್ನು ಕಣ್ಣಾರೆ ಕಂಡಾಗ, ಗಾಳಿ ಇಲ್ಲದಿರುವುದೂ ಬ್ರೇಕಿನ ಅಂಗಗಳಲ್ಲೊಂದೆಂಬುದರಲ್ಲಿ ನನಗೆ ಸಂದೇಹ ಉಳಿಯಲಿಲ್ಲ.

ಧರ್ಮದಲ್ಲಿ ನಾವು ಸಾಧನಗಳ ಪಟ್ಟಿಯನ್ನು ಬರೆಯುವಾಗ ಗುರು, ಮಂತ್ರ, ಶಾಸ್ತ್ರ, ನಿಯಮ, ಶ್ರದ್ಧೆ ಎಂದು ಇರತಕ್ಕವುಗಳನ್ನು ಮಾತ್ರವೇ ಎಣಿಸುತ್ತೇವೆ. ಫಲ ಬಾರದಿದ್ದರೆ ಇರುವುದನ್ನು ಬದಲಾಯಿಸುತ್ತೇವೆ: ಒಂದು ಮಠವನ್ನು ಬಿಟ್ಟು ಇನ್ನೊಂದಕ್ಕೆ ನಡೆದುಕೊಳ್ಳುತ್ತೇವೆ, ಒಂದು ಮಂತ್ರವನ್ನು ಬಿಟ್ಟು ಇನ್ನೊಂದನ್ನು ಉಪದೇಶ ಪಡೆಯುತ್ತೇವೆ, ಹಳೆಯ ಸಿಲಿಂಡರನ್ನು ಕಳಚಿ ಹೊಸದನ್ನು ಕೂರಿಸುತ್ತೇವೆ. ಇರಬಾರದ್ದು ಯಾವುದು ಇದೆಯೆಂದು ಹುಡುಕುವುದಿಲ್ಲ. ಕರ್ಮವು ಮೋಕ್ಷವನ್ನು ನೇರವಾಗಿ ಕೊಡಲಾರದು, ಅದು ಚಿತ್ತವನ್ನು ಶುದ್ಧಿಗೊಳಿಸುತ್ತದೆ, ಶುದ್ಧವಾದ ಚಿತ್ತದಲ್ಲಿ ಜ್ಞಾನವು ತಲೆದೋರುತ್ತದೆ ಎಂದು ಶಂಕರಾಚಾರ್ಯರು ಹೇಳಿದುದರ ಬೆಲೆ ಇಲ್ಲಿ ತಿಳಿಯುತ್ತದೆ. ಏರ್ ತೆಗೆಯುವವನು ಒತ್ತಡವನ್ನು ಉಂಟುಮಾಡುವುದಿಲ್ಲ; ಒತ್ತಡವನ್ನು ಒಯ್ಯುವುದು ದ್ರವದ ಸಹಜಧರ್ಮವೇ ಆಗಿರುವುದರಿಂದ, ಅಡ್ಡಿಯಾದದ್ದನ್ನು ತೆಗೆಯುವುದೊಂದೇ ಅವನ ಪಾಲಿನ ಕೆಲಸ. ಪತಂಜಲಿಯ ಯೋಗಸೂತ್ರದ ಕೊನೆಯ ಪಾದದಲ್ಲಿ ಬರುವ ಬೇಸಾಯಗಾರನ ಉಪಮೆಯೂ ಇದೇ ಬಗೆಯದು. ಗದ್ದೆಗೆ ನೀರು ಹಾಯಿಸುವವನು ನೀರನ್ನು ಕೈಯಿಂದ ತಳ್ಳುವುದಿಲ್ಲ, ಬದುವಿನ ಅಡ್ಡವನ್ನು ಕಡಿಯುತ್ತಾನೆ. ನೀರು ತಾನಾಗಿ ಹರಿದುಕೊಳ್ಳುತ್ತದೆ.

ಹಾಗಾದರೆ ಬಾಳಿನ ನಾಳದಲ್ಲಿ ಕುಳಿತಿರುವ ಗಾಳಿ ಯಾವುದು? ಅಹಂಕಾರವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಆದರೆ ಆ ಮಾತು ಬಾಯಲ್ಲಿ ಆಡಿ ಆಡಿ ಸವೆದುಹೋಗಿದೆಯಾದ್ದರಿಂದ ಅದರ ನಡೆಯನ್ನು ಹತ್ತಿರದಿಂದ ನೋಡೋಣ. ಒಬ್ಬನು ಅನ್ನದಾನ ಮಾಡುತ್ತಾನೆ. ಕೈ ಬಡಿಸುತ್ತದೆ, ಆ ದಾನದ ಬಲವು ಉಂಡವನ ಹಸಿವೆಯವರೆಗೂ ದಾನಿಯ ಸ್ವಂತ ಲೋಭದವರೆಗೂ ಹೋಗಿ ಎರಡನ್ನೂ ಹಿಡಿದು ನಿಲ್ಲಿಸಬೇಕು. ಆದರೆ ನಡುವೆ, ಬಡಿಸುತ್ತಿರುವವನು ನಾನು ಎಂಬ ಒಂದು ಸಣ್ಣ ಅವಕಾಶವುಂಟು. ದಾನದ ಬಲವನ್ನೆಲ್ಲ ಅದು ತನ್ನೊಳಕ್ಕೆ ಎಳೆದುಕೊಂಡು ಕುಗ್ಗಿ ಕುಳಿತಿರುತ್ತದೆ. ಉಂಡವರು ಎದ್ದು ಒಂದು ಮಾತನ್ನೂ ಆಡದೆ ಹೋದಾಗ ಏನಾಗುತ್ತದೆಂಬುದನ್ನು ಗಮನಿಸಿರಿ. ಕಾಲು ತೆಗೆದೊಡನೆ ಕುಗ್ಗಿದ ಗಾಳಿ ಹಿಗ್ಗುವಂತೆ, ಅದುಮಿಕೊಂಡಿದ್ದ ನಿರೀಕ್ಷೆಯು ಹಿಗ್ಗಿ, ಇಷ್ಟು ಮಾಡಿದರೂ ಕೃತಜ್ಞತೆಯಿಲ್ಲವೆಂಬ ಅಸಮಾಧಾನವಾಗಿ ಎದೆಯನ್ನು ತಳ್ಳುತ್ತದೆ. ದಾನದಲ್ಲಿ ತೊಡಗಿಸಿದ ಬಲವೇ ಆ ಅಸಮಾಧಾನದ ಬಲ. ಮಾಡಿದ ಉಪಕಾರದ ಪ್ರಮಾಣಕ್ಕೆ ತಕ್ಕಂತೆ ಮುನಿಸು ಬೆಳೆಯುವ ಸೇವಕರನ್ನೂ ಸುಧಾರಕರನ್ನೂ ಪುರೋಹಿತರನ್ನೂ ನಾವು ಕಂಡಿಲ್ಲವೆ? ಅವರ ಶ್ರಮ ಸುಳ್ಳಲ್ಲ. ಆ ಶ್ರಮವು ಗುರಿಯನ್ನು ಮುಟ್ಟದೆ ದಾರಿಯಲ್ಲಿಯೇ ಕುಗ್ಗಿ ನಿಂತಿದೆ.

ಗಾಳಿಯನ್ನು ಹೀಗೆ ಹಳಿದೆನೆಂದು ಅದು ಸ್ವಭಾವತಃ ಕೆಟ್ಟದ್ದೆಂದು ತಿಳಿಯಬಾರದು. ನಾವು ಉಸಿರಾಡುವುದು ಅದನ್ನೇ. ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ದ್ರವದ ಮೇಲುಗಡೆ ಗಾಳಿಯು ಇರಲೇಬೇಕು. ಅಲ್ಲಿ ಗಾಳಿಗೆ ದಾರಿಯಿಲ್ಲದಿದ್ದರೆ ದ್ರವವು ಕೆಳಗಿಳಿದು ಸಿಲಿಂಡರನ್ನು ತುಂಬುವುದಕ್ಕೂ ತೊಡಕಾಗುವುದು. ಮೇಲಿರತಕ್ಕದ್ದು ನಾಳದೊಳಕ್ಕೆ ಇಳಿದಾಗಷ್ಟೆ ಅದು ಪ್ರತಿಬಂಧಕವಾಗುತ್ತದೆ. ನಾನು ಎಂಬ ಅರಿವೂ ಅಂಥದೇ. ಅನ್ನವನ್ನು ಸಂಪಾದಿಸುವುದಕ್ಕೆ, ಮಕ್ಕಳನ್ನು ಕಾಯುವುದಕ್ಕೆ, ಅನ್ಯಾಯದೆದುರು ಅಲ್ಲವೆಂದು ಹೇಳುವುದಕ್ಕೆ ಅದು ಬೇಕು. ದೇವರಿಗೂ ತನಗೂ ನಡುವೆ, ತನಗೂ ನೆರೆಯವನಿಗೂ ನಡುವೆ ಬಲವು ಹರಿಯತಕ್ಕ ಕಿರಿದಾದ ದಾರಿಯಲ್ಲಿ ಮಾತ್ರ ಅದು ಇರತಕ್ಕದ್ದಲ್ಲ.

ಇಷ್ಟಕ್ಕೇ ನಿಂತರೆ ಒಂದು ಅಪಾಯವುಂಟು. ಅದನ್ನು ಮುಚ್ಚಿಡುವುದು ಸತ್ಯಕ್ಕೆ ದ್ರೋಹವಾದೀತು. ಫಲ ಬರಲಿಲ್ಲವೆಂದು ಗೋಳಿಟ್ಟವನಿಗೆ, ದೋಷವೆಲ್ಲ ನಿನ್ನ ಒಳಗೇ ಇದೆಯೆಂದು ಹೇಳಿಬಿಡುವುದು ವಂಚಕರಾದ ಗುರುಗಳಿಗೆ ಬಹಳ ಅನುಕೂಲವಾದ ಮಾತು. ಸಿಲಿಂಡರು ನಿಜವಾಗಿಯೇ ಕೆಟ್ಟಿರಬಹುದು, ಹೊಸದೆಂದು ತಂದದ್ದರೊಳಗಿನ ಕಪ್ಪು ಮಡಿಚಿಕೊಂಡಿರಬಹುದು, ನಾಳವು ಸೋರುತ್ತಿರಬಹುದು. ಆದುದರಿಂದ ಶ್ರದ್ಧೆಗೆ ಪರೀಕ್ಷೆಯು ಒಡಹುಟ್ಟಾಗಿರಬೇಕು. ಮೇಸ್ತ್ರಿಗಳು ಗಾಳಿಯೆಂದು ಮೊದಲೇ ಹೇಳಿದ್ದರೂ ಹೇಳಿದಷ್ಟರಿಂದಲೇ ತೃಪ್ತರಾಗಲಿಲ್ಲ. ಪ್ರತಿಯೊಂದು ದೋಷಕ್ಕೂ ಅದರದೇ ಆದ ಗುರುತುಂಟೆಂದು ಅವರು ನನಗೆ ಬಿಡಿಸಿ ಹೇಳಿದರು. ಬೇಗಬೇಗನೆ ತುಳಿದರೆ ಮೇಲೇರಿ ಸ್ಪಂಜಿನಂತೆ ಮೆತ್ತಗಿರುವ ಪೆಡಲು ಗಾಳಿಯ ಗುರುತು. ಗಟ್ಟಿಯಾಗಿ ನಿಂತು, ಒಂದೇ ಸಮನಾಗಿ ಒತ್ತಿ ಹಿಡಿದಾಗ ಮೆಲ್ಲನೆ ಇಳಿದುಹೋಗುವುದು ಒಳಗೆ ಕಪ್ಪು ಸವೆದುದರ ಇಲ್ಲವೆ ಹೊರಗೆಲ್ಲಿಯೋ ಸೋರುತ್ತಿರುವುದರ ಗುರುತು. ಬಹುದೂರ ಇಳಿದು ಆಮೇಲೆ ಗಟ್ಟಿಯಾಗುವುದು ಹಿಂದಿನ ಡ್ರಮ್ಮುಗಳಲ್ಲಿ ಶೂಗಳು ದೂರ ಸರಿದಿರುವುದರ, ಅಥವಾ ಪೆಡಲಿನ ಕಡ್ಡಿಗೂ ಪಿಸ್ಟನ್ನಿಗೂ ನಡುವೆ ಅಂತರ ಹೆಚ್ಚಾಗಿರುವುದರ ಗುರುತು. ಕಲ್ಲಿನಂತೆ ಗಟ್ಟಿಯಾಗಿದ್ದೂ ಬಂಡಿ ನಿಲ್ಲದಿದ್ದರೆ ಬೂಸ್ಟರನ್ನು ನೋಡಬೇಕು. ಹೀಗೆ ಹೇಳಿ, ಚಕ್ರಗಳಿಗೆ ಹೋಗುವ ರಬ್ಬರಿನ ಹೋಸುಗಳನ್ನು ಒಂದೊಂದಾಗಿ ಕ್ಲ್ಯಾಂಪಿನಿಂದ ಬಿಗಿದು ಪ್ರತಿಸಲವೂ ಪೆಡಲನ್ನು ಒತ್ತಿ ನೋಡಿದರು. ಎಲ್ಲವನ್ನೂ ಬಿಗಿದ ಮೇಲೆಯೂ ಪೆಡಲು ಮೊದಲಿನಂತೆಯೇ ಕುಸಿದುದರಿಂದ ದೋಷವು ಚಕ್ರಗಳಲ್ಲಿಲ್ಲವೆಂಬುದು ಸಿದ್ಧವಾಯಿತು. ತರ್ಕಶಾಸ್ತ್ರದಲ್ಲಿ ಅನ್ವಯ ವ್ಯತಿರೇಕಗಳೆಂದು ಕರೆಯುವುದು ಇದನ್ನೇ: ಯಾವುದಿದ್ದರೆ ಇರುವುದು, ಯಾವುದನ್ನು ತೆಗೆದರೆ ಹೋಗುವುದು ಎಂದು ಒಂದೊಂದನ್ನೇ ಬೇರ್ಪಡಿಸಿ ನೋಡುವ ತಾಳ್ಮೆ. ಹೊಸ ಸಿಲಿಂಡರು ಬಂದ ಮೇಲೆ ಪೆಡಲು ಕುಸಿಯಿತು, ಆದಕಾರಣ ಹೊಸ ಸಿಲಿಂಡರೇ ಕೆಟ್ಟದ್ದು ಎಂಬ ನಿಶ್ಚಯವು, ಕಾಗೆ ಕೂತುದರಿಂದಲೇ ತಾಳೆಯ ಹಣ್ಣು ಬಿತ್ತೆನ್ನುವ ಕಾಕತಾಲೀಯಕ್ಕಿಂತ ಮೇಲಾದುದಲ್ಲ. ದೇವರು ನನ್ನ ಪ್ರಾರ್ಥನೆಯನ್ನು ಕೇಳಲಿಲ್ಲವೆನ್ನುವುದಕ್ಕೆ ಮುನ್ನವೂ, ಕೇಳಿಯೇಬಿಟ್ಟನೆನ್ನುವುದಕ್ಕೆ ಮುನ್ನವೂ ಇಷ್ಟು ತಾಳ್ಮೆಯನ್ನು ನಾವು ತೋರಿಸುವುದಾದರೆ ಧರ್ಮದಲ್ಲಿ ಮೌಢ್ಯವೂ ಕಡಿಮೆಯಾದೀತು, ನಿರಾಶೆಯೂ ಕಡಿಮೆಯಾದೀತು.

ಪರೀಕ್ಷೆ ಮುಗಿದ ಮೇಲೆ ಅವರು ಸಿಲಿಂಡರನ್ನು ಕಳಚಿ ತಂದು ವೈಸಿನಲ್ಲಿ ಸಮಮಟ್ಟವಾಗಿ ಹಿಡಿಸಿದರು. ದ್ರವ ಹೊರಡುವ ಕಿಂಡಿಗಳಿಗೆ ಸಣ್ಣ ಕೊಳವೆಗಳನ್ನು ಸಿಕ್ಕಿಸಿ, ಅವುಗಳ ತುದಿಯನ್ನು ಆಯಿಲಿನ ಡಬ್ಬಿಯೊಳಕ್ಕೇ ಬಾಗಿಸಿ ಮುಳುಗಿಸಿ, ಪಿಸ್ಟನ್ನನ್ನು ಬಹಳ ನಿಧಾನವಾಗಿ ಒತ್ತಿ ಬಿಡತೊಡಗಿದರು. ಮೊದಲು ದೊಡ್ಡ ಗುಳ್ಳೆಗಳು, ಆಮೇಲೆ ಸಣ್ಣವು, ಆಮೇಲೆ ಸಾಸಿವೆಯಂಥವು, ಕಡೆಗೆ ಯಾವುದೂ ಇಲ್ಲ. ಎಣ್ಣೆ ಕುಡಿಸುವುದೆಂದು ಅವರು ಹೇಳಿದುದು ಇದನ್ನು. ಕಾರಿಗೆ ಜೋಡಿಸುವ ಮೊದಲು ಕಾಲು ಗಂಟೆಯಲ್ಲಿ ಆಗಬಹುದಾಗಿದ್ದ ಕೆಲಸವದು. ಹಳೆಯ ಆಚಾರಗಳಲ್ಲಿ ಉಪದೇಶಕ್ಕೆ ಮುನ್ನ ಕಾಯಿಸುತ್ತಿದ್ದರು, ಸೇವೆ ಮಾಡಿಸುತ್ತಿದ್ದರು, ಶಿಷ್ಯನ ಪಾತ್ರತೆಯನ್ನು ನೋಡುತ್ತಿದ್ದರು; ಸಾಧನಚತುಷ್ಟಯವೆಂದು ನಾಲ್ಕು ಅರ್ಹತೆಗಳನ್ನು ವೇದಾಂತಿಗಳು ಮೊದಲೇ ಕೇಳುವುದೂ ಅದಕ್ಕಾಗಿಯೇ. ಬಾಳಿಗೆ ಜೋಡಿಸುವುದಕ್ಕೆ ಮುನ್ನವೇ ಸಾಧನವನ್ನು ದ್ರವದಿಂದ ತುಂಬಿಸಿಕೊಳ್ಳುವ ಆ ಕಾಲು ಗಂಟೆಯನ್ನು ಉಳಿಸಿದವರು ಮುಂದೆ ವರ್ಷಗಳನ್ನು ಕಳೆದುಕೊಳ್ಳುತ್ತಾರೆ.

ಸಿಲಿಂಡರನ್ನು ಮತ್ತೆ ಕೂರಿಸಿ ಚಕ್ರಗಳಲ್ಲಿ ಏರ್ ತೆಗೆಯುವ ಹೊತ್ತಿಗೆ ನನ್ನನ್ನು ಸೀಟಿನಲ್ಲಿ ಕೂರಿಸಿದರು. ಎಲ್ಲಕ್ಕಿಂತ ದೂರದ ಹಿಂದಿನ ಎಡಚಕ್ರದ ಬಳಿ ಅವರು ಮಲಗಿ, ನಿಪ್ಪಲಿಗೆ ಪಾರದರ್ಶಕವಾದ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ದ್ರವವಿದ್ದ ಬಾಟಲಿಯಲ್ಲಿ ಅದ್ದಿದರು. “ಒತ್ತಿ… ಹಿಡ್ಕೊಳ್ಳಿ” ಎಂದಾಗ ನಾನು ಒತ್ತಿ ಹಿಡಿಯಬೇಕು. ಅವರು ನಿಪ್ಪಲನ್ನು ತೆರೆದೊಡನೆ ಪೆಡಲು ತಾನಾಗಿ ಇಳಿಯುತ್ತದೆ. ಅವರು ಮುಚ್ಚಿ “ಬಿಡಿ” ಎನ್ನುವವರೆಗೂ ನಾನು ಕಾಲು ತೆಗೆಯಕೂಡದು. ತೆರೆದಿರುವಾಗಲೇ ಕಾಲು ತೆಗೆದರೆ ಹೊರಹೋದ ಗಾಳಿಯನ್ನೇ ನಾಳವು ಮರಳಿ ಒಳಕ್ಕೆ ಎಳೆದುಕೊಳ್ಳುವುದು. ಈ ಕ್ರಮದಲ್ಲಿ ಆತ್ಮಪರೀಕ್ಷೆಯ ಪೂರ್ಣ ವಿಧಿಯೇ ಅಡಗಿದೆಯೆಂದು ನನಗೆ ತೋರಿತು. ಒತ್ತಡವಿರುವಾಗ ತೆರೆಯಬೇಕು, ಒತ್ತಡವಿರುವಾಗಲೇ ಮುಚ್ಚಬೇಕು. ದುಡಿಮೆಯ ನಡುವೆ ತನ್ನ ದೋಷವನ್ನು ಕಂಡುಕೊಂಡವನಿಂದ ಆ ದೋಷವು ಹೊರಬೀಳುತ್ತದೆ. ದುಡಿಮೆಯನ್ನು ಬಿಟ್ಟು, ಕಾಲೆತ್ತಿಕೊಂಡು, ಎದೆಯನ್ನು ಮಾತ್ರ ತೆರೆದಿಟ್ಟು ತನ್ನ ದೋಷಗಳನ್ನು ಎಣಿಸುತ್ತ ಕೂತವನೊಳಕ್ಕೆ, ಎಷ್ಟು ಪ್ರಾಮಾಣಿಕನು ತಾನು ಎಂಬ ಹೊಸ ಗಾಳಿ ಹೊಗುತ್ತದೆ. ಇನ್ನೂ ಒಂದು ಸಂಗತಿ. ಸೀಟಿನಲ್ಲಿ ಕುಳಿತವನಿಗೆ ತಿಳಿಯುವುದು ತನ್ನ ಕಾಲಿನ ಬಲ ಮಾತ್ರ, ಗುಳ್ಳೆಗಳು ಅವನಿಗೆ ಕಾಣವು; ಗುಳ್ಳೆಗಳನ್ನು ಕಾಣುವವನು ಒತ್ತಲಾರನು. ನಮ್ಮಿಂದ ಏನು ಹೊರಟುಹೋಗಬೇಕಾಗಿದೆಯೆಂಬುದನ್ನು ನಮಗಿಂತ ಚೆನ್ನಾಗಿ ಕಾಣುವವರು ಒಬ್ಬರಿರಬೇಕು. ಅವರು ಗುರುವಾಗಿರಬಹುದು, ಹೆಂಡತಿಯಾಗಿರಬಹುದು, ಹಳೆಯ ಸ್ನೇಹಿತನಾಗಿರಬಹುದು. ಅವರು ಹೇಳಿದಾಗ ಒತ್ತಿ, ಅವರು ಹೇಳುವವರೆಗೆ ಬಿಡದಿರುವ ವಿನಯ ನಮ್ಮಲ್ಲಿರಬೇಕು.

ನಾನು ಆತುರದಿಂದ ಪೆಡಲನ್ನು ನೆಲದವರೆಗೂ ತುಳಿಯತೊಡಗಿದಾಗ ಅವರು ತಡೆದು, ಪೆಡಲಿನ ಕೆಳಗೆ ಮರದ ತುಂಡೊಂದನ್ನಿಟ್ಟರು. ಬಹುಕಾಲ ಓಡಿದ ಸಿಲಿಂಡರಿನಲ್ಲಿ ಪಿಸ್ಟನ್ನು ದಿನವೂ ಸರಿದಾಡುವ ಭಾಗವು ನಯವಾಗಿರುತ್ತದೆ, ಅದರಾಚೆಯ ಆಳದಲ್ಲಿ ತುಕ್ಕು ಕೂತಿರುತ್ತದೆ. ಎಂದೂ ಮುಟ್ಟದ ಆ ಆಳಕ್ಕೆ ಒಮ್ಮೆಗೇ ತುಳಿದರೆ ರಬ್ಬರಿನ ಅಂಚು ಹರಿದುಹೋಗುತ್ತದೆ. ಹೊಸದರಲ್ಲಿ ಆ ಭಯವಿಲ್ಲದಿದ್ದರೂ ಕಾಲಿಗೆ ಅಭ್ಯಾಸ ಕೆಡಬಾರದೆಂದರು. ಒಂದೇ ವಾರದ ಉಗ್ರವ್ರತದಿಂದ ಜನ್ಮದ ಮಲವನ್ನು ತೊಳೆಯಹೊರಟು, ಇದ್ದ ಅಲ್ಪಶಾಂತಿಯನ್ನೂ ಹರಿದುಕೊಂಡವರು ನನಗೆ ನೆನಪಾದರು.

ಗಾಳಿಯು ಯಾವಾಗಲೂ ಹೊರಗಿನಿಂದಲೇ ಬರಬೇಕೆಂಬ ನಿಯಮವಿಲ್ಲವೆಂಬುದೂ ಅಂದು ತಿಳಿಯಿತು. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 3 ಎಂಬ ದರ್ಜೆಯ ಹೊಸ ದ್ರವವು ಕುದಿಯುವುದಕ್ಕೆ ಕಡಮೆಯೆಂದರೂ 205 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನೂರಕ್ಕೆ ಮೂರು ನಾಲ್ಕು ಪಾಲು ತೇವವನ್ನು ಕುಡಿದ ಮೇಲೆ 140 ಡಿಗ್ರಿ ಸಾಕಾಗಬಹುದು. ತಣ್ಣಗಿರುವಾಗ ಆ ತೇವವು ಯಾರಿಗೂ ಕಾಣಿಸದು; ಘಾಟಿಯನ್ನು ಇಳಿಯುವಾಗ, ಬ್ರೇಕನ್ನು ಹಿಡಿದು ಹಿಡಿದು ಚಕ್ರಗಳು ಕಾದಾಗ, ಅದೇ ಆವಿಯಾಗಿ ಎದ್ದು ನಾಳದಲ್ಲಿ ಬರಿದನ್ನು ಉಂಟುಮಾಡುತ್ತದೆ, ಅದೂ ಬ್ರೇಕು ಅತ್ಯಂತ ಅಗತ್ಯವಾದ ಹೊತ್ತಿನಲ್ಲಿ. ವಾಸನೆಗಳೆಂದು ನಮ್ಮವರು ಕರೆದುದು ಇಂಥವನ್ನೇ ಅಲ್ಲವೆ? ದಿನದಿನವೂ ಅರಿಯದೆ ಹೀರಿಕೊಂಡ ಸಣ್ಣ ಅಸೂಯೆ, ಸಣ್ಣ ಭಯಗಳು ಬಾಳು ತಂಪಾಗಿರುವಾಗ ಇಲ್ಲವೆಂದೇ ತೋರುತ್ತವೆ. ಕಷ್ಟದ ಕಾವು ತಗುಲಿದಾಗ ಆವಿಯಾಗಿ ಏಳುತ್ತವೆ. ಆದುದರಿಂದ ಒಮ್ಮೆ ಶುದ್ಧಿ ಮಾಡಿದರೆ ತೀರಲಿಲ್ಲ. ದ್ರವವನ್ನು ಕಾಲಕಾಲಕ್ಕೆ ಹೊಸದಾಗಿ ತುಂಬುತ್ತಿರಬೇಕು.

ಅಂದು ಸಂಜೆ ಪೆಡಲು ಬಿಗಿಯಾಗಿ ಮೇಲೆ ನಿಂತಿತು. ನಾನು ಕಾರನ್ನು ಒಯ್ಯಲು ಎದ್ದೆ. ಮೇಸ್ತ್ರಿಗಳು ಬಿಡಲಿಲ್ಲ. “ಈಗಿಂದು ಲೆಕ್ಕ ಅಲ್ಲ ಮೇಷ್ಟ್ರೇ. ಬೆಳಿಗ್ಗೆ ಮೊದಲನೇ ತುಳಿತ ನೋಡ್ಬೇಕು” ಎಂದರು. ಅವರ ಮಾತು ನಿಜವಾಯಿತು. ಮರುದಿನ ಬೆಳಗ್ಗೆ ಮೊದಲನೆಯ ತುಳಿತಕ್ಕೆ ಪೆಡಲು ಅರ್ಧದವರೆಗೆ ಇಳಿಯಿತು, ಎರಡನೆಯದಕ್ಕೆ ಬಿಗಿಯಾಯಿತು. ಸಾಸಿವೆಯಂಥ ಗುಳ್ಳೆಗಳು ರಾತ್ರಿಯ ನಿಶ್ಚಲತೆಯಲ್ಲಿ ಒಂದನ್ನೊಂದು ಕೂಡಿಕೊಂಡು, ಗಾಳಿಯ ಸಹಜಧರ್ಮದಂತೆ ಮೇಲೇರಿ, ಒಂದೆಡೆ ನಿಂತಿದ್ದವು. ನಿಪ್ಪಲು ಯಾವಾಗಲೂ ಮೇಲ್ತುದಿಯಲ್ಲಿರುವುದು ಅದಕ್ಕಾಗಿಯೇ. ದಾರಿ ತೆರೆದು ಕಾದರೆ ಮೇಲೇರತಕ್ಕದ್ದು ತಾನಾಗಿ ಮೇಲೇರುತ್ತದೆ. ಅಂದು ಮತ್ತೊಮ್ಮೆ ತೆರೆದು ಅದನ್ನು ಹೊರಬಿಟ್ಟರು. ಮೂರನೆಯ ಬೆಳಗ್ಗೆ ನನ್ನ ಮೊದಲನೆಯ ತುಳಿತಕ್ಕೇ ಪೆಡಲು ತಳದಿಂದ ಅಂಗೈಯಗಲ ಮೇಲೆ ಕಲ್ಲಿನಂತೆ ನಿಂತಿತು.

ಅಂದಿನಿಂದ ನನ್ನ ಧಾರ್ಮಿಕಜೀವನವನ್ನು ನಾನು ಅಳೆದುಕೊಳ್ಳುವ ಕೋಲೇ ಬದಲಾಗಿದೆ. ಭಜನೆಯ ಕೊನೆಯಲ್ಲಿ, ರಥೋತ್ಸವದ ನೂಕುನುಗ್ಗಲಿನಲ್ಲಿ, ಉಪನ್ಯಾಸವನ್ನು ಕೇಳಿ ಎದ್ದ ಗಳಿಗೆಯಲ್ಲಿ ಮನಸ್ಸು ಬಿಗಿಯಾಗಿ ಮೇಲೆ ನಿಂತಿರುವುದು ಸುಳ್ಳಲ್ಲ. ಆದರೆ ಅದು ಮೂರು ನಾಲ್ಕು ಬಾರಿ ಬೇಗಬೇಗನೆ ತುಳಿದುದರಿಂದ ಬಂದ ಬಿಗಿ. ಒಳಗೆ ಗಾಳಿಯಿದ್ದರೂ ಅದು ಬರುತ್ತದೆ. ಬೀದಿಯಲ್ಲಿ ಒಂದು ಮಗು ಚೆಂಡಿನ ಹಿಂದೆ ಓಡಿ ಚಕ್ರದ ಮುಂದಕ್ಕೆ ಬಂದಾಗ ಎರಡನೆಯ ತುಳಿತಕ್ಕೆ ಕಾಲಾವಕಾಶವಿರುವುದಿಲ್ಲ. ಬಾಳಿನಲ್ಲಿಯೂ ಅಂಥ ಗಳಿಗೆಗಳು ಮುನ್ಸೂಚನೆ ಕೊಟ್ಟು ಬರುವುದಿಲ್ಲ: ಬಾಗಿಲಲ್ಲಿ ನಿಂತ ಹಸಿದವನ ಮುಖ ಕಂಡೊಡನೆ, ಮಗನು ತನ್ನ ತಪ್ಪನ್ನು ಒಪ್ಪಿಕೊಂಡೊಡನೆ, ಹಗೆಯವನ ಸೋಲಿನ ಸುದ್ದಿ ಕಿವಿಗೆ ಬಿದ್ದೊಡನೆ, ಜಪವಿಲ್ಲದೆ, ಸಿದ್ಧತೆಯಿಲ್ಲದೆ, ರಾತ್ರಿಯ ಮೌನದಿಂದ ನೇರವಾಗಿ ಎದ್ದುಬಂದ ಮನಸ್ಸು ತನ್ನ ಮೊದಲನೆಯ ತುಳಿತಕ್ಕೆ ಎಲ್ಲಿ ನಿಲ್ಲುತ್ತದೆಯೋ, ನಲವತ್ತು ವರ್ಷದ ಸಾಧನೆಯ ಫಲವೂ ಅಲ್ಲಿಯವರೆಗೇ ಮುಟ್ಟಿದೆ. ಮುಟ್ಟದೆ ಉಳಿದ ಭಾಗಕ್ಕಾಗಿ ಸಾಧನವನ್ನು ಶಪಿಸುವುದಕ್ಕೆ ನನಗೆ ಈಗ ಮನಸ್ಸಾಗುವುದಿಲ್ಲ. ಹೆಚ್ಚು ಬಲವಾಗಿ ತುಳಿಯುವುದಕ್ಕೂ ಮನಸ್ಸಾಗುವುದಿಲ್ಲ. ಪ್ರತಿದಿನ ಬೆಳಗ್ಗೆ ಎದ್ದು, ಹಾಸಿಗೆಯಿಂದ ಕಾಲಿಳಿಸುವುದಕ್ಕೆ ಮುನ್ನ ಮನಸ್ಸಿಗೆ ಬಂದ ಮೊದಲನೆಯ ಭಾವವು ಯಾವುದೆಂದು ನೋಡಿಕೊಳ್ಳುತ್ತೇನೆ. ಅದು ಕುಸಿದರೆ, ಎಲ್ಲಿಯೋ ಇನ್ನೊಂದು ಗುಳ್ಳೆ ಮೇಲಕ್ಕೆ ಬಂದು ಬಾಗಿಲಲ್ಲಿ ಕಾದಿದೆಯೆಂದು ತಿಳಿದು, ಬಾಗಿಲು ತೆರೆಯುವ ಕೆಲಸಕ್ಕೆ ಕೈ ಹಾಕುತ್ತೇನೆ.